ಬೆಳಕವಾಡಿಯ ನೊಣ, ಮದ್ದೂರಿನ ಚೀಟಿ

ಸಿಂಹಳಕ್ಕೆ ಹೋಗಿ ಬಂದವನೆಂದು ಗೊತ್ತಾದರೆ ನಮ್ಮ ಕಡೆಯವರು ಮೊದಲು ಕೇಳುವುದು ರಾವಣನ ಕೋಟೆ ನೋಡಿದಿರಾ ಎಂದು. ನೋಡಲಿಲ್ಲ. ಅಶೋಕವನ? ಅದೂ ಇಲ್ಲ. ಹಾಗಾದರೆ ಅಷ್ಟು ದೂರ ಹೋಗಿ ನೋಡಿದ್ದೇನು ಎಂದರೆ, ನೊಣ. ಈ ಉತ್ತರ ಕೇಳಿ ನನ್ನ ಸ್ವಂತ ಭಾವನೇ ಎಲೆಅಡಿಕೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆದ್ದರಿಂದ ಎಲ್ಲವನ್ನೂ ಒಂದು ಸಲ ಬರೆದುಬಿಡೋಣವೆಂದು ಕುಳಿತಿದ್ದೇನೆ. ಬರೆಯುವುದಾದರೆ ನನ್ನ ಹೊಟ್ಟೆಕಿಚ್ಚನ್ನೂ ಬರೆಯಬೇಕು. ಅದನ್ನು ಬಿಟ್ಟರೆ ಈ ಪ್ರವಾಸದಲ್ಲಿ ಉಳಿಯುವುದು ರೈಲಿನ ಹೊಗೆ ಮತ್ತು ಹಡಗಿನ ವಾಂತಿ, ಅಷ್ಟೆ.

ಮಂಡ್ಯ

ನಾನು ಸಿಂಹಳಕ್ಕೆ ಹೋದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ಮಂಡ್ಯದ ಕಬ್ಬಿನ ಪ್ರಯೋಗದ ತೋಟದಲ್ಲಿ ಪೈರಿಗೆ ಬೀಳುವ ಹುಳುಗಳನ್ನು ನೋಡಿಕೊಳ್ಳಲು ನಾವು ಇಬ್ಬರು ಸಹಾಯಕರಿದ್ದೆವು. ಒಬ್ಬ ನಾನು, ಮಳವಳ್ಳಿಯ ಲಿಂಗಪ್ಪ. ಇನ್ನೊಬ್ಬ ಬೆಸಗರಹಳ್ಳಿಯ ಪುಟ್ಟಸ್ವಾಮಿ. ಇಬ್ಬರಿಗೂ ಒಂದೇ ಕೋಣೆ, ಒಂದೇ ಮೇಜು, ಒಂದೇ ಭೂತಗನ್ನಡಿ. ಸಂಸಾರ ಕೆಡಲು ಇಷ್ಟು ಸಾಕು.

ನೊಣ ಹೊಡೆಯುವುದು ಎಂದರೆ ನಮ್ಮಲ್ಲಿ ಕೆಲಸವಿಲ್ಲದವನ ಕೆಲಸ. ನಮ್ಮಿಬ್ಬರಿಗೆ ಅದಕ್ಕೇ ಸಂಬಳ. ಬತ್ತಕ್ಕೂ ಕಬ್ಬಿಗೂ ಬೀಳುವ ಮಿಡತೆಯನ್ನು ಕೊಲ್ಲುವ ಜೀವ ಯಾವುದಾದರೂ ಈ ಸೀಮೆಯಲ್ಲಿ ಉಂಟೇ ಎಂದು ಹುಡುಕಬೇಕಾಗಿತ್ತು. ಉಂಟು. ಮಾಂಸದ ನೊಣ ಎಂಬ ಜಾತಿಯವು ಮೊಟ್ಟೆಯಿಡುವುದಿಲ್ಲ, ಜೀವಂತ ಮರಿಯನ್ನೇ ಹಾಕುತ್ತವೆ. ಅವುಗಳಲ್ಲಿ ಕೆಲವು ಹಾರುವ ಮಿಡತೆಯನ್ನು ಅಟ್ಟಿಸಿಕೊಂಡು ಹೋಗಿ ಅದರ ಮೈಮೇಲೆ ಮರಿ ಬಿಟ್ಟು ಬರುತ್ತವೆ. ಅಂಥ ಕಡೆ ಗಂಡುಗಳೂ ಹೆಣ್ಣಿಗಾಗಿ ಹೊಂಚುತ್ತ, ಹಾರಿದ ಮಿಡತೆಯ ಬೆನ್ನನ್ನೂ ಹತ್ತುವುದುಂಟು. ಮರಿ ಒಳಗೆ ಹೊಕ್ಕು ಮಿಡತೆಯನ್ನು ಟೊಳ್ಳು ಮಾಡಿ ಹೊರಗೆ ಬರುತ್ತದೆ. ರೈತನಿಗೆ ಇದಕ್ಕಿಂತ ಒಳ್ಳೆಯ ನೆಂಟ ಬೇಕೆ?

ತೊಂದರೆಯೇನೆಂದರೆ ಈ ನೊಣಗಳೆಲ್ಲ ನೋಡಲು ಒಂದೇ. ಬೂದು ಮೈ, ಬೆನ್ನ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆಯ ಮೇಲೆ ಚೌಕಾಬಾರದ ಮನೆಗಳ ಹಾಗೆ ಚೌಕಗಳು. ಇದು ಬೇರೆ, ಅದು ಬೇರೆ ಎಂದು ಹೇಳಬೇಕಾದರೆ ಗಂಡು ನೊಣದ ಹಿಂಭಾಗದ ತುದಿಯನ್ನು ಹಸಿಯಿರುವಾಗಲೇ ಸೂಜಿಯಿಂದ ಹೊರಕ್ಕೆಳೆದು ಅಲ್ಲಿರುವ ಕೊಕ್ಕೆಗಳ ಆಕಾರ ನೋಡಬೇಕು. ಹೆಣ್ಣಿನಲ್ಲಿ ಈ ಗುರುತು ಸಿಕ್ಕುವುದಿಲ್ಲ. ಇನ್ನೊಂದು ನಿಯಮವೂ ಉಂಟು. ನೊಣವನ್ನು ಚುಚ್ಚಿದ ಸೂಜಿಯಲ್ಲೇ, ನೊಣದ ಕೆಳಗೆ, ಉಗುರಿನಷ್ಟು ಅಗಲದ ಚೀಟಿ ಚುಚ್ಚಬೇಕು. ಸಿಕ್ಕ ಊರು, ದಿನ, ಹಿಡಿದವನ ಹೆಸರು. ಚೀಟಿಯಿಲ್ಲದ ನೊಣ ಕಸಕ್ಕೆ ಸಮ.

ಪುಟ್ಟಸ್ವಾಮಿಯ ಕೈ ನೊಣ ಹಿಡಿಯಲೆಂದೇ ಮಾಡಿದ ಕೈ. ನಾನು ಬಲೆ ಬೀಸಿ ಬೀಸಿ ರಟ್ಟೆ ನೋಯಿಸಿಕೊಳ್ಳುವ ಹೊತ್ತಿಗೆ ಅವನು ಬೀಡಿ ಸೇದುತ್ತಲೇ ನಾಲ್ಕು ಹಿಡಿದಿರುತ್ತಿದ್ದ. ಹಳ್ಳಿಯ ಹೆಂಗಸರು ನನಗೆ ನೀರು ಕೊಟ್ಟರೆ ಅವನಿಗೆ ಮಜ್ಜಿಗೆ ಕೊಡುತ್ತಿದ್ದರು. ತೋಟದ ಮೇಲಧಿಕಾರಿ ಸಾಹೇಬರು ಪ್ರಶ್ನೆ ಕೇಳುವುದು ನನ್ನ ಮುಖ ನೋಡಿ, ಉತ್ತರ ಎದುರುನೋಡುವುದು ಅವನಿಂದ. ಇಂಥವನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಮಾತ್ರ ಗೊತ್ತು ನನ್ನ ಸಂಕಟ.

ಸಿಂಹಳಕ್ಕೆ ಹೊರಡುವುದಕ್ಕೆ ಎರಡು ವರ್ಷ ಮುಂಚೆ ಒಂದು ದಿನ ಬೆಳಕವಾಡಿಯ ಹತ್ತಿರ ಶಿವನಸಮುದ್ರದ ರಸ್ತೆಯ ಬದುವಿನಲ್ಲಿ ನನಗೊಂದು ಅರೆಜೀವದ ಮಿಡತೆ ಸಿಕ್ಕಿತು. ಮರಳು ತುಂಬಿದ ಡಬ್ಬಿಯಲ್ಲಿಟ್ಟೆ. ಹತ್ತು ಹನ್ನೆರಡು ದಿನಕ್ಕೆ ಒಳಗಿನಿಂದ ಒಂದು ನೊಣ ಎದ್ದು ಬಂತು. ನಮ್ಮಲ್ಲಿದ್ದ ಯಾವ ಪುಸ್ತಕದಲ್ಲೂ ಮೈಸೂರು ಸೀಮೆಯಲ್ಲಿ ಇಂಥ ನೊಣವಿದೆಯೆಂದು ಬರೆದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಆ ನೊಣವನ್ನು ದಿನಕ್ಕೆ ಎಂಟು ಸಲ ನೋಡಿದೆ. ಅದು ಹೆಣ್ಣು ಎಂಬುದೊಂದೇ ಕೊರತೆ. ಗಂಡು ಸಿಕ್ಕರೆ ಲೋಕಕ್ಕೆ ಹೊಸ ನೊಣ, ಅದರ ಹಿಂದೆ ನನ್ನ ಹೆಸರು.

ಚೀಟಿ ಬರೆಯಲು ಕುಳಿತಾಗ ಕೈ ತಡೆಯಿತು. ಬೆಳಕವಾಡಿ ಎಂದು ಬರೆದರೆ ಪುಟ್ಟಸ್ವಾಮಿ ಮಾರನೆಯ ದಿನವೇ ಸೈಕಲ್ ಏರಿ ಹೋಗಿ ಬೀಡಿ ಆರುವುದರೊಳಗೆ ಗಂಡನ್ನು ಹಿಡಿದು ತರುತ್ತಾನೆ. ಆದ್ದರಿಂದ ಮದ್ದೂರು ಎಂದು ಬರೆದೆ. ಎರಡಕ್ಕೂ ನಡುವೆ ಇಪ್ಪತ್ತು ಮೈಲಿಗೆ ಮೇಲೆ ದೂರ.

ಅವನು ನಂಬಿದ. ನಂಬಿ ಎರಡು ವರ್ಷ ಮದ್ದೂರಿನ ಬದು, ತಿಪ್ಪೆ, ಗದ್ದೆಯಂಚು ಯಾವುದನ್ನೂ ಬಿಡಲಿಲ್ಲ. ಸಂಜೆ ಬಂದು ಕೇಳುತ್ತಿದ್ದ: "ಲೇ ಲಿಂಗ, ಸರಿಯಾಗಿ ಯೋಳ್ಲಾ, ಮದ್ದೂರಲ್ಲಿ ಯಾವ ತಾವು ಸಿಕ್ತು?"

"ಸ್ಟೇಷನ್ ಹಿಂದ್ಗಡೆ ಕಣ್ಲಾ," ಎನ್ನುತ್ತಿದ್ದೆ.

"ಅಲ್ಲೆಲ್ಲ ನೋಡ್ದೆ. ನನ್ ಕಣ್ಣೇ ಸರಿಯಿಲ್ಲ ಬುಡು." ಹೀಗೆಂದು ಕಣ್ಣು ಉಜ್ಜಿಕೊಳ್ಳುತ್ತಿದ್ದ. ನಾನು ಮಾತ್ರ ಭಾನುವಾರಗಳಲ್ಲಿ ಮಳವಳ್ಳಿಗೆ ಮನೆಗೆ ಹೋಗುವ ನೆಪದಲ್ಲಿ ಬೆಳಕವಾಡಿ ಸುತ್ತುತ್ತಿದ್ದೆ. ನನಗೂ ಗಂಡು ಸಿಕ್ಕಲಿಲ್ಲ.

ಆ ಸಮಯಕ್ಕೆ ಕೊಲಂಬೊದಿಂದ ಕಾಗದ ಬಂತು. ಅಲ್ಲಿನ ಸಂಗ್ರಹಾಲಯದಲ್ಲಿ ಪೆರೇರಾ ಎಂಬ ಹಿರಿಯರು ಸಿಂಹಳ ಮತ್ತು ದಕ್ಷಿಣ ದೇಶದ ಮಾಂಸದ ನೊಣಗಳನ್ನೆಲ್ಲ ಜಾತಿವಾರು ವಿಂಗಡಿಸುತ್ತಿದ್ದರು. ಮೈಸೂರು ಸೀಮೆಯ ನೊಣಗಳನ್ನು ತೆಗೆದುಕೊಂಡು ಒಬ್ಬರು ಬಂದರೆ ಒಳ್ಳೆಯದು ಎಂದಿದ್ದರು. ಸಾಹೇಬರು ಆರಿಸಿದ್ದು ಪುಟ್ಟಸ್ವಾಮಿಯನ್ನು. ಆ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ಹೊರಡಲು ಒಂದು ವಾರವಿರುವಾಗ ಪುಟ್ಟಸ್ವಾಮಿ ಕೊನೆಯ ಸಲ ಎಂದು ಮದ್ದೂರಿಗೆ ಹೋದ. ಒಂದು ಮಿಡತೆ, ಅದರ ಹಿಂದೆ ಒಂದು ನೊಣ, ಅದರ ಹಿಂದೆ ಇವನು. ಮೂವರೂ ಓಡುತ್ತ ಇವನೊಬ್ಬ ಗೊಬ್ಬರದ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ. ಬೀಳುವಾಗಲೂ ಬಲೆಯನ್ನು ಮಾತ್ರ ಮೇಲೆತ್ತಿ ಹಿಡಿದಿದ್ದನಂತೆ. ನಾಟಿ ವೈದ್ಯ ಬಿದಿರು ದಬ್ಬೆ ಕಟ್ಟುತ್ತಿದ್ದರೆ ಇವನು ಹಲ್ಲು ಕಚ್ಚಿಕೊಂಡು ಆ ನೊಣಕ್ಕೆ ಸೂಜಿ ಚುಚ್ಚುತ್ತಿದ್ದನಂತೆ.

ಹೀಗೆ ಸಿಂಹಳ ನನ್ನ ಪಾಲಿಗೆ ಬಂತು. ಪುಟ್ಟಸ್ವಾಮಿ ಎತ್ತಿನ ಗಾಡಿಯಲ್ಲಿ ಸ್ಟೇಷನ್ನಿಗೆ ಬಂದು ದಾರದಲ್ಲಿ ಕಟ್ಟಿದ ತನ್ನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟ.

"ನಿಂದೂ ನಂದೂ ಒಟ್ಗೇ ತೋರ್ಸ್ಲಾ. ಒಳ್ಳೆದಾಯ್ತದೆ ಓಗು."

ಗೆಳೆಯ ಕುಂಟನಾಗಿ ಕೂತಿದ್ದಾನೆ, ನಾನು ಅವನ ಜಾಗದಲ್ಲಿ ರೈಲು ಹತ್ತುತ್ತಿದ್ದೇನೆ. ಕಾಲು ಮುರಿಯಲು ಕಾರಣ ನನ್ನ ಚೀಟಿ. ಇಷ್ಟೆಲ್ಲ ಗೊತ್ತಿದ್ದೂ ರೈಲು ಹೊರಟಾಗ ನನಗಾದದ್ದು ಖುಷಿಯೇ.

ಧನುಷ್ಕೋಟಿಯ ರೈಲು

ಆ ರೈಲಿನಲ್ಲಿ ಅರ್ಧ ಜನ ರಾಮೇಶ್ವರಕ್ಕೆ ಹೋಗುವವರು. ಎದೆಗೆ ಎರಡು ಪೆಟ್ಟಿಗೆ ಅವುಚಿಕೊಂಡು ಮೂಲೆಯಲ್ಲಿ ನಿಂತಿದ್ದ ನನ್ನನ್ನು ನೋಡಿ ಒಬ್ಬ ಮುದುಕರು ಮೆಲ್ಲಗೆ ಸರಿದು ಜಾಗ ಮಾಡಿಕೊಟ್ಟರು. ಎದುರಿಗಿದ್ದ ಹೆಂಗಸು ಮಕ್ಕಳ ಗಲಾಟೆ ನಿಲ್ಲಿಸಿದಳು. ಯಾಕೆ ಇಷ್ಟು ಮರ್ಯಾದೆ ಎಂದು ನಾನು ಬೆರಗಾಗಿರುವಾಗ ಮುದುಕರು ಹರಕು ಕನ್ನಡದಲ್ಲಿ ಕೇಳಿದರು: "ತಂದೆಯವರದೋ, ತಾಯಿಯವರದೋ?"

ಆಗ ತಿಳಿಯಿತು. ನಾನು ಅಸ್ಥಿ ವಿಸರ್ಜನೆಗೆ ಹೊರಟವನೆಂದು ಅವರು ತಿಳಿದಿದ್ದರು. ಅದೂ ಎರಡು ಪೆಟ್ಟಿಗೆ!

ನಾನು ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿದೆ, ಅಷ್ಟೆ. ಜಾಗ ಸಿಕ್ಕಿತ್ತು, ಕಾಲು ನೋಯುತ್ತಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಆ ಹೆಂಗಸು ಪೆಟ್ಟಿಗೆಗಳ ಮೇಲೆ ಒಂದೊಂದು ಮೊಳ ಹೂವು ಇಟ್ಟು ಕಣ್ಣಿಗೊತ್ತಿಕೊಂಡಳು. ನನ್ನ ನೊಣಕ್ಕೂ ಪುಟ್ಟಸ್ವಾಮಿಯ ನೊಣಕ್ಕೂ ಸಮನಾಗಿ ಹೂವು. ಅಲ್ಲಿಯೂ ನನ್ನ ಮನಸ್ಸು ಯಾವುದರ ಮೇಲಿನ ಹೂವು ಉದ್ದವೆಂದು ಅಳೆಯಿತು.

ಮಂಡಪಂ

ಸಿಂಹಳಕ್ಕೆ ಹೋಗುವವರನ್ನು ಮಂಡಪಂನಲ್ಲಿ ಇಳಿಸಿ ರೋಗ ರುಜಿನ ನೋಡುತ್ತಾರೆ. ನಾಲಗೆ ಚಾಚಿಸಿದರು, ಕಣ್ಣೆವೆ ಎಳೆದರು, ಹಾಸಿಗೆ ಬಿಚ್ಚಿಸಿದರು. ಎಲ್ಲದಕ್ಕೂ ಒಪ್ಪಿದೆ. ಪೆಟ್ಟಿಗೆ ತೆರೆದಾಗ ವೈದ್ಯರು ಎರಡು ಹೆಜ್ಜೆ ಹಿಂದೆ ಸರಿದರು.

"ದ್ವೀಪಕ್ಕೆ ರೋಗ ಹೋಗದಿರಲೆಂದು ನಾವು ಇಲ್ಲಿ ಕಾವಲಿದ್ದೇವೆ. ನೀವು ನೊಣಗಳನ್ನೇ ತುಂಬಿ ತಂದಿದ್ದೀರಲ್ಲ?"

"ಎಲ್ಲ ಸತ್ತವು ಸ್ವಾಮಿ."

"ಯಾವ ರೋಗದಿಂದ ಸತ್ತವು?"

ಬಿಡಿಸಿ ಹೇಳುವ ಹೊತ್ತಿಗೆ ನನ್ನ ಇಂಗ್ಲಿಷೆಲ್ಲ ಖರ್ಚಾಯಿತು. ಕೊನೆಗೆ ನ್ಯಾಫ್ತಲೀನ್ ಗುಳಿಗೆಯ ವಾಸನೆಯೇ ನನ್ನ ಪರವಾಗಿ ಸಾಕ್ಷಿ ಹೇಳಿತು. ಪೆಟ್ಟಿಗೆಗಳನ್ನು ದೂರದಿಂದಲೇ ಮೂಸಿ, ಹೋಗಿ ಎಂದು ಕೈ ಬೀಸಿದರು. ಧನುಷ್ಕೋಟಿಯಿಂದ ಆಚೆ ದಡಕ್ಕೆ ಹಡಗಿನಲ್ಲಿ ಎರಡು ಮೂರು ಗಂಟೆ. ಕಾವೇರಿಯಲ್ಲಿ ಹರಿಗೋಲು ಹತ್ತಿದ್ದೇ ನನ್ನ ಜಲಯಾನ. ಸಮುದ್ರದ ಬಗ್ಗೆ ಹೇಳುವಂಥದ್ದೇನೂ ನಾನು ನೋಡಲಿಲ್ಲ. ನಾನು ನೋಡಿದ್ದೆಲ್ಲ ಒಂದು ಬಕೀಟಿನ ಒಳಭಾಗ.

ಕೊಲಂಬೊ

ಸಿಂಹಳದ ಮೇಲೆ ನನಗೆ ಮೊದಲ ದಿನವೇ ಹೊಟ್ಟೆಕಿಚ್ಚಾಯಿತು. ಯಾರೂ ನಾಲೆ ತೋಡಿಲ್ಲ, ನೀರಿನ ಸರದಿಗೆ ಜಗಳವಾಡಿಲ್ಲ, ಆದರೂ ಎಲ್ಲಿ ನೋಡಿದರೂ ಹಸಿರು. ಬೇಲಿಯ ಗೂಟವೂ ಚಿಗುರಿತ್ತು. ಅಲ್ಲಿನ ಜನ ಚಹಕ್ಕೆ ಸಿಹಿ ಬೆರೆಸುವುದಿಲ್ಲ; ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು, ಕಚ್ಚುತ್ತಾ ಕುಡಿಯುತ್ತಾರೆ. ಆ ಬೆಲ್ಲ ಕಬ್ಬಿನದಲ್ಲ, ಬೈನೆ ಮರದ್ದು. ಮಂಡ್ಯದವನಾಗಿ ಅದನ್ನು ಹಳಿಯಬೇಕೆಂದೇ ಬಾಯಿಗಿಟ್ಟೆ. ಹಳಿಯಲಾಗಲಿಲ್ಲ. ಇನ್ನೊಂದು ಚೂರು ಕೇಳಿದೆ.

ಇಳಿದುಕೊಂಡ ಜಾಗದ ಹತ್ತಿರ ಒಂದು ಮೋಟಾರು ರಿಪೇರಿ ಅಂಗಡಿಯಿತ್ತು. ದಾರಿ ಕೇಳಲು ಹೋದವನ ಹರಕು ಇಂಗ್ಲಿಷನ್ನು ಕೇಳಿ ಬಸ್ಸಿನ ಕೆಳಗಿನಿಂದ ಎರಡು ಕಾಲು ಮಾತಾಡಿದವು:

"ಸಾಮಿ, ತಾವು ಮೈಸೂರ್ ಕಡೆಯೋರಾ?"

ಹೊರಬಂದವರು ಬಾಷಾ ಸಾಹೇಬರು, ಮದ್ದೂರಿನ ಮೆಕ್ಯಾನಿಕ್ಕು. ಹದಿನೈದು ವರ್ಷದ ಹಿಂದೆ ಒಂದು ಲಾರಿಯ ಜೊತೆ ಬಂದವರು ಇಲ್ಲೇ ನಿಂತಿದ್ದರು. ನಮ್ಮ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತೆಂದು ಅವರು ನನ್ನ ಕೈ ಹಿಡಿದವರು ಬಿಡಲಿಲ್ಲ. ಕೈಯ ಗ್ರೀಸು ನನ್ನ ಕೋಟಿಗೆ ಬಂತು. ಬಂದ ಕೆಲಸ ಹೇಳಿದೆ. ಮದ್ದೂರಿನ ಸ್ಟೇಷನ್ ಹಿಂದೆ ಸಿಕ್ಕ ಹೊಸ ನೊಣ ಎಂದೆ.

"ಅರೆ! ನಮ್ಮೂರ ನೊಣಾನಾ? ಎಸ್ರಿಡ್ತಾರಾ ಅದ್ಕೆ?"

"ಊರಿನ ಹೆಸರನ್ನೇ ಇಟ್ಟರೂ ಇಡಬಹುದು."

"ಮದ್ದೂರ್ ಅಂತ! ಪುಸ್ತಕದಲ್ಲಿ!" ಅವರು ಅಂಗಡಿಯವರನ್ನೆಲ್ಲ ಕರೆದು ಸಿಂಹಳದಲ್ಲೋ ತಮಿಳಿನಲ್ಲೋ ಏನೇನೋ ಹೇಳಿದರು. ಎಲ್ಲರೂ ಬಂದು ನನ್ನನ್ನು ನೋಡಿ ಹೋದರು. "ಸ್ಟೇಷನ್ ಹಿಂದೆನಾ ಸಾಮಿ? ಅಲ್ಲೇ ನಮ್ಮನೆ ಇದ್ದಿದ್ದು! ನಾನು ಓಡಾಡಿದ್ ಜಾಗ ಕಣ್ ಸಾಮಿ!" ಎಂದರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ ಅಷ್ಟೆ.

ಮಾರನೆಯ ಮಧ್ಯಾಹ್ನ ಅವರ ಮನೆಯಲ್ಲಿ ನನಗೆ ಊಟ. ಇಲ್ಲಿ ಇರುವೆಗಳ ಕಾಟ ಬಹಳ ಎಂದು ಅವರು ಹೇಳಿದ್ದರಿಂದ ಕೋಣೆಯಲ್ಲಿದ್ದ ಪುಟ್ಟ ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿಟ್ಟು, ಅದರ ಮೇಲೆ ನನ್ನ ಪೆಟ್ಟಿಗೆ ಇಟ್ಟೆ. ಪುಟ್ಟಸ್ವಾಮಿಯದು ಕಿಟಕಿಯ ಕಟ್ಟೆಯ ಮೇಲಿತ್ತು. ಮೇಜಿನ ಮೇಲೆ ಜಾಗವಿತ್ತೇ ಎಂದು ನೀವು ಕೇಳಬಹುದು. ಇತ್ತು.

ಊಟದ ನಡುವೆ, ಕಿಟಕಿಯ ಮೇಲಿನ ಪೆಟ್ಟಿಗೆಗೆ ಇರುವೆ ಹತ್ತಬಹುದೆಂದು ನೆನಪಾಯಿತು. ಎದ್ದು ಓಡಬೇಕಿತ್ತು. ಓಡಲಿಲ್ಲ. ಕೈ ತೊಳೆದೆ, ಎಲೆಅಡಿಕೆ ಹಾಕಿಕೊಂಡೆ, ಬಾಷಾ ಸಾಹೇಬರ ಮಗಳ ಮದುವೆಯ ಸುದ್ದಿ ಪೂರ್ತಿ ಕೇಳಿದೆ, ನಿಧಾನವಾಗಿ ನಡೆದುಕೊಂಡು ಬಂದೆ. ಕಿಟಕಿಯಿಂದ ಪೆಟ್ಟಿಗೆಯ ಸಂದಿಯವರೆಗೆ ಇರುವೆಗಳ ಸಾಲು. ತೆರೆದಾಗ ಮೂರು ನೊಣಗಳ ಜಾಗದಲ್ಲಿ ಮೂರು ಸೂಜಿ, ಮೂರು ಚೀಟಿ, ಚೂರುಪಾರು ರೆಕ್ಕೆ. ಉಳಿದದ್ದು ಒಂದೇ. ಆ ಒಂದನ್ನು ಬಾಯಿಯಿಂದ ಊದಿ ಇರುವೆ ಓಡಿಸಿದೆ. ನಾನು ಇಷ್ಟು ಕೆಟ್ಟವನೇ ಎಂದು ಭಯವಾಯಿತು. ಆ ಭಯದಲ್ಲೂ, ಉಳಿದದ್ದು ಏನು ಮಹಾ, ಸಾಮಾನ್ಯ ನೊಣವಿರಬೇಕು ಎಂದುಕೊಂಡೆ. ಚೀಟಿ ಓದಲಿಲ್ಲ. ಅವನ ಅಕ್ಷರ ನೋಡುವ ಧೈರ್ಯವಿರಲಿಲ್ಲ.

ಸಂಗ್ರಹಾಲಯ

ಪೆರೇರಾ ಅವರು ಬಿಳಿಯ ಕೋಟು, ಕೆಳಗೆ ಪಂಚೆ, ತಲೆಯ ಹಿಂದಕ್ಕೆ ಕೂದಲು ಕಟ್ಟಿ ಮೇಲೆ ಅರ್ಧಚಂದ್ರದಂಥ ಬಾಚಣಿಗೆ ಸಿಕ್ಕಿಸಿಕೊಂಡಿದ್ದರು. ಅಲ್ಲಿ ಹಿರಿಯ ಗಂಡಸರು ಹಾಗೆ ಬಾಚಣಿಗೆ ಮುಡಿಯುವುದು ವಾಡಿಕೆ. ನಮ್ಮೂರಲ್ಲಾದರೆ ಹಿಂದೆ ಹಿಂದೆ ಮಕ್ಕಳ ಮೆರವಣಿಗೆ ಹೊರಡುತ್ತಿತ್ತು. ಗೋಡೆಯ ಮೇಲೆ ದೊಡ್ಡ ಭೂಪಟ, ಯಾವ ನೊಣ ಎಲ್ಲಿ ಸಿಕ್ಕಿದೆ ಎಂಬುದಕ್ಕೆ ಬಣ್ಣದ ತಲೆಯ ಸೂಜಿಗಳು. ಸಿಂಹಳದ ತುಂಬ ಸೂಜಿ, ಮದರಾಸಿನ ಕಡೆ ಒಂದಿಷ್ಟು, ನಮ್ಮ ಮೈಸೂರು ಸೀಮೆ ಬೋಳು. ಅದನ್ನು ನೋಡಿ ನಾಚಿಕೆಯಾಯಿತು. ಅಲ್ಲಿ ಚುಚ್ಚುವ ಮೊದಲ ಸೂಜಿ ನನ್ನದಾಗಬೇಕು ಎನ್ನಿಸಿತು.

ಮುದುಕರು ನನ್ನ ಪೆಟ್ಟಿಗೆ ತೆರೆದು ಬೆಳಕವಾಡಿಯ ನೊಣವನ್ನು ಭೂತಗನ್ನಡಿಯ ಕೆಳಗಿಟ್ಟರು.

"ಹೆಣ್ಣು," ಎಂದರು.

"ಹೌದು. ಆದರೆ ಮಿಡತೆಯ ಮೈಯಿಂದ ಬಂದದ್ದು."

"ಅದು ಸರಿ. ಆದರೆ ಹೆಣ್ಣು." ಅವರು ಒಂದು ಅಗಲವಾದ ಪೆಟ್ಟಿಗೆ ಎಳೆದು ತೋರಿಸಿದರು. ಸಾಲುಸಾಲಾಗಿ ಬೂದು ನೊಣಗಳು. "ಇವೆಲ್ಲ ಹೆಣ್ಣುಗಳೇ. ಒಂದಕ್ಕೂ ಹೆಸರಿಲ್ಲ. ಗಂಡು ಬರುವವರೆಗೆ ಇಲ್ಲಿ ಕಾಯಬೇಕು."

ನನ್ನ ಮುಖ ನೋಡಿ ಕನಿಕರವಾಯಿತೇನೋ, ಪುಟ್ಟಸ್ವಾಮಿಯ ಪೆಟ್ಟಿಗೆಯನ್ನು ತೆಗೆದುಕೊಂಡರು. ಇರುವೆ ಬಿಟ್ಟ ಆ ಒಂದೇ ನೊಣವನ್ನು ಎತ್ತಿ ಹಿಡಿದರು. ಬಹಳ ಹೊತ್ತು ಕನ್ನಡಿಯಿಂದ ಕಣ್ಣು ಎತ್ತಲಿಲ್ಲ.

"ಇದನ್ನು ಸಿದ್ಧ ಮಾಡಿದವರು ಯಾರು? ಎಷ್ಟು ಚೆನ್ನಾಗಿ ತುದಿ ಎಳೆದಿದ್ದಾರೆ! ನೀವೂ ನೋಡಿ."

ನೋಡಿದೆ. ಗಂಡು. ಕೊಕ್ಕೆಗಳು ಎರಡೂ ತುದಿಯಲ್ಲಿ ಕವಲೊಡೆದಿದ್ದವು. ಅಂಥದ್ದನ್ನು ನಾನು ಯಾವ ಚಿತ್ರದಲ್ಲೂ ಕಂಡಿರಲಿಲ್ಲ. ಅವರೂ ಕಂಡಿರಲಿಲ್ಲ. ಚೀಟಿಯಿಂದ ಅವರು ಓದಿದ ದಿನ, ಪುಟ್ಟಸ್ವಾಮಿ ಮಿಡತೆಯ ಮತ್ತು ನೊಣದ ಹಿಂದೆ ಓಡಿ ಗುಂಡಿಗೆ ಬಿದ್ದ ದಿನವೇ ಎಂದು ಹೇಳಿದೆ. ಕಾಲಿನ ಮೂಳೆ ಮುರಿದುಕೊಂಡು, ದಬ್ಬೆ ಕಟ್ಟಿಸಿಕೊಳ್ಳುತ್ತಾ ಮಾಡಿದ ಕೆಲಸ ಅದು. ಎರಡು ಕೈ, ಎರಡು ಕಾಲು ಸರಿಯಿದ್ದ ನಾನು ಅಷ್ಟು ಚೆನ್ನಾಗಿ ಒಂದನ್ನೂ ಮಾಡಿಲ್ಲ.

ಪೆರೇರಾ ಅವರು ಎರಡು ನೊಣಗಳನ್ನೂ ಚೀಟಿ ಸಮೇತ ಪಕ್ಕಪಕ್ಕದಲ್ಲಿಟ್ಟರು. ಅವರ ಮುಖ ಅರಳಿತು. "ಮದ್ದೂರು, ಮದ್ದೂರು. ಎರಡೂ ಮಿಡತೆಯ ಬೆನ್ನು ಬಿದ್ದವು. ಹಾಗಾದರೆ ಇವು ಗಂಡು ಹೆಣ್ಣು ಜೋಡಿಯೇ. ಮೊದಲು ಕಂಡವರು ನೀವು, ಎರಡು ವರ್ಷ ಮುಂಚೆ. ಆದ್ದರಿಂದ ನೊಣಕ್ಕೆ ನಿಮ್ಮ ಹೆಸರೇ ಸಲ್ಲಬೇಕು. ಗಂಡು ತಂದುಕೊಟ್ಟ ನಿಮ್ಮ ಗೆಳೆಯರ ಹೆಸರು ಕೆಳಗೆ ಒಂದು ಸಾಲಿನಲ್ಲಿ ಬರುತ್ತದೆ." ಹೀಗೆಂದು ಎದ್ದು ಭೂಪಟದಲ್ಲಿ ಮದ್ದೂರನ್ನು ಹುಡುಕಿ ಕೆಂಪು ತಲೆಯ ಸೂಜಿ ಚುಚ್ಚಿದರು.

ಬಯಸಿದ್ದೆಲ್ಲ ಒಂದೇ ಕ್ಷಣದಲ್ಲಿ ಕೈಗೆ ಬಂದಿತ್ತು. ನಾನು ಮಾಡಬೇಕಾಗಿದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಅದು ನನಗೆ ಅಭ್ಯಾಸವಾದ ಕೆಲಸ. ಆದರೆ ನನ್ನ ಹೆಣ್ಣು ಬೆಳಕವಾಡಿಯದು. ಈ ಗಂಡಿನ ಜೋಡಿಯೇ ಅಲ್ಲದಿರಬಹುದು. ಹಾಗಾದರೆ ಒಂದು ಸುಳ್ಳು ಮದುವೆ ಪುಸ್ತಕದಲ್ಲಿ ಅಚ್ಚಾಗಿ, ಓದುವವರೆಲ್ಲ ಅದನ್ನೇ ನಂಬುತ್ತಾರೆ. ನಂಬಲಿ ಎಂದುಕೊಂಡೆ. ಯಾರ ಗಂಟು ಹೋಗುತ್ತದೆ?

ಆಗ ಮುದುಕರು ಪುಟ್ಟಸ್ವಾಮಿಯ ಸೂಜಿಯನ್ನು ಚೀಟಿ ಕಾಣುವಂತೆ ನನ್ನ ಮುಂದೆ ಹಿಡಿದು, "ಇಲ್ಲಿ ಕೊನೆಯಲ್ಲಿ ನಿಮ್ಮ ಲಿಪಿಯಲ್ಲಿ ಏನೋ ಇದೆ. ಓದಿ ಹೇಳಿ," ಎಂದರು.

ಇಂಗ್ಲಿಷಿನಲ್ಲಿ ಊರು, ದಿನ, ಹೆಸರು ಬರೆದ ಮೇಲೆ ಉಳಿದ ಕೂದಲೆಳೆಯಷ್ಟು ಜಾಗದಲ್ಲಿ ಪುಟ್ಟಸ್ವಾಮಿ ಕನ್ನಡದಲ್ಲಿ ಬರೆದಿದ್ದ: ಜಾಗ ತೋರಿಸಿದವನು ಲಿಂಗಪ್ಪ.

ಕಣ್ಣಲ್ಲಿ ನೀರು ಬಂತೆಂದು ಬರೆದರೆ ಓದುವವರಿಗೆ ಹಿತವಾಗಬಹುದು. ಬಂದದ್ದು ನೀರಲ್ಲ, ಉರಿ. ನೊಣ ಹಿಡಿಯುವುದರಲ್ಲಿ ಅವನು ಮುಂದು, ಸೂಜಿ ಹಿಡಿಯುವುದರಲ್ಲಿ ಮುಂದು, ಮಜ್ಜಿಗೆ ಕುಡಿಯುವುದರಲ್ಲಿ ಮುಂದು. ಈಗ ಒಳ್ಳೆಯತನದಲ್ಲೂ ಅವನೇ ಮುಂದೆ? ನನ್ನ ಹೆಸರು ಪುಸ್ತಕದಲ್ಲಿ ದೊಡ್ಡದಾಗಿ ಬರುತ್ತದೆ, ನಿಜ. ಆದರೆ ಅದನ್ನು ತೆರೆದಾಗಲೆಲ್ಲ ನನಗೆ ಕಾಣುವುದು ಈ ಚೀಟಿಯೇ. ಒಂದರಲ್ಲಾದರೂ ಅವನಿಗೆ ಸಮನಾಗಬೇಕು ಎನ್ನಿಸಿತು. ಪುಣ್ಯದ ಆಸೆಯಿಂದ ನಿಜ ಹೇಳುವವರನ್ನು ಕೇಳಿದ್ದೇನೆ. ನಾನು ಹೊಟ್ಟೆಕಿಚ್ಚಿನಿಂದ ಹೇಳಿದೆ.

"ನನ್ನ ಚೀಟಿ ಸುಳ್ಳು," ಎಂದೆ. "ನನ್ನ ನೊಣ ಮದ್ದೂರಿನದಲ್ಲ. ಅಲ್ಲಿಂದ ಇಪ್ಪತ್ತು ಮೈಲಿಗೂ ಆಚೆ ಬೆಳಕವಾಡಿಯದು. ಇವನಿಗೆ ಜಾಗ ಗೊತ್ತಾಗಬಾರದೆಂದು ಹಾಗೆ ಬರೆದೆ."

ಮುದುಕರು ನನ್ನನ್ನೇ ನೋಡಿದರು. "ಆದರೆ ನಿಮ್ಮ ಗೆಳೆಯರಿಗೆ ಅಲ್ಲೇ ಸಿಕ್ಕಿತಲ್ಲ?"

"ಸಿಕ್ಕಿತು. ನಾನು ಇಲ್ಲವೆಂದುಕೊಂಡ ಕಡೆ ಎರಡು ವರ್ಷ ಹುಡುಕಿ ಹಿಡಿದ."

ಅವರು ನಗಲಿಲ್ಲ, ಬೈಯಲೂ ಇಲ್ಲ. ನಾನು ಕೈ ಚಾಚಿ ಆ ಸುಳ್ಳು ಚೀಟಿಯನ್ನು ಕೀಳಲು ಹೋದಾಗ ಮಾತ್ರ ನನ್ನ ಮಣಿಕಟ್ಟು ಹಿಡಿದರು. "ಅದನ್ನು ಮುಟ್ಟಬಾರದು. ಒಮ್ಮೆ ಚುಚ್ಚಿದ ಚೀಟಿಯನ್ನು ಯಾರೂ ತೆಗೆಯುವ ಹಾಗಿಲ್ಲ, ಬರೆದವರೂ ಕೂಡ. ಅದರ ಕೆಳಗೆ ಇನ್ನೊಂದು ಚುಚ್ಚಿ. ಮೇಲಿನದು ತಪ್ಪೆಂದು ನಿಮ್ಮ ಕೈಯಲ್ಲೇ ಬರೆಯಿರಿ, ಸಹಿ ಹಾಕಿ."

ಅವರ ಎದುರಿಗೇ ಬರೆದೆ. ಉಗುರಿನಷ್ಟು ಕಾಗದದಲ್ಲಿ ಅಷ್ಟೊಂದು ಅವಮಾನ ಹಿಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ನೊಣಕ್ಕೆ ಹೋಗಿತ್ತು. ಪೆರೇರಾ ಅವರು ನನ್ನ ಹೆಣ್ಣನ್ನು ಎತ್ತಿ ಹೆಸರಿಲ್ಲದ ಹೆಣ್ಣುಗಳ ಪೆಟ್ಟಿಗೆಯಲ್ಲಿ ಕೊನೆಯ ಸಾಲಿಗೆ ಸೇರಿಸಿದರು. ಮದ್ದೂರಿನ ಕೆಂಪು ಸೂಜಿ ಪುಟ್ಟಸ್ವಾಮಿಯ ಹೆಸರಿಗೆ ಅಲ್ಲೇ ಉಳಿಯಿತು. ಬೆಳಕವಾಡಿಯ ಜಾಗದಲ್ಲಿ ತಲೆಯಿಲ್ಲದ ಒಂದು ಬರಿ ಸೂಜಿ ಚುಚ್ಚಿ, "ಅಲ್ಲಿಂದ ಗಂಡು ಸಿಕ್ಕಿದ ದಿನ ಕಳುಹಿಸಿ. ಬಣ್ಣ ಹಾಕೋಣ," ಎಂದರು.

ಬಾಷಾ ಸಾಹೇಬರಿಗೂ ಹೇಳಬೇಕಾಯಿತು. ನೊಣ ನನ್ನದಲ್ಲ, ಪುಟ್ಟಸ್ವಾಮಿ ಎಂಬವನದು ಎಂದೆ.

"ಇಡಿದೋರ್ ಯಾರಾದ್ರೇನ್ ಸಾಮಿ, ಊರು ನಮ್ದೇ ತಾನೆ?" ಎಂದು ಅವರು ಮೊದಲಿಗಿಂತ ಜೋರಾಗಿ ನಕ್ಕರು. ಹೊಟ್ಟೆಕಿಚ್ಚೆಂಬುದು ಗೊತ್ತೇ ಇಲ್ಲದ ಮನುಷ್ಯ. ಅವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮತ್ತೆ ಮಂಡ್ಯ

ಬಂದ ದಿನವೇ ಬೆಸಗರಹಳ್ಳಿಗೆ ಹೋದೆ. ಪುಟ್ಟಸ್ವಾಮಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಮೊದಲು ಒಳ್ಳೆಯ ಸುದ್ದಿ ಹೇಳಿದೆ, ಅವನ ನೊಣ ಲೋಕಕ್ಕೇ ಹೊಸದು. ಅವನು ಹೆಂಡತಿಯನ್ನು ಕೂಗಿ ಪಾನಕ ತರಲು ಹೇಳಿದ. ಪಾನಕ ಬರುವುದರೊಳಗೆ ಉಳಿದದ್ದನ್ನೂ ಹೇಳಿಬಿಟ್ಟೆ. ಚೀಟಿಯ ವಿಷಯ, ಇರುವೆಯ ವಿಷಯ, ಎಲ್ಲ.

ಅವನು ದಬ್ಬೆ ಕಟ್ಟಿದ ಕಾಲನ್ನೇ ನೋಡಿದ.

"ಎಲ್ಡು ವರ್ಸ ಕಣ್ಲಾ," ಎಂದ. "ನನ್ ಕಣ್ಣೇ ಓಯ್ತು ಅಂದ್ಕಂಡಿದ್ದೆ ನಾನು. ಮಂಡ್ಯದಾಸ್ಪತ್ರೆಗೆ ಓಗಿ ತೋರ್ಸ್ಕಂಡೂ ಬಂದೆ. ನೀನೂ ಬಂದಿದ್ದಲ್ಲೋ ಜೊತೆಗೆ."

ಹೌದು, ಹೋಗಿದ್ದೆ. ಅದನ್ನು ಮರೆತಿದ್ದೆ.

"ಓಗ್ಲಾ," ಎಂದ. ಪಾನಕದ ಲೋಟ ಹಿಡಿದು ಬಂದ ಅವನ ಹೆಂಡತಿ ಬಾಗಿಲಲ್ಲೇ ನಿಂತಳು. ನಾನು ಕುಡಿಯದೆ ಎದ್ದು ಬಂದೆ.

ಅವನು ಕೆಲಸಕ್ಕೆ ಬಂದ ಮೇಲೂ ತಿಂಗಳುಗಟ್ಟಲೆ ಮಾತಿಲ್ಲ. ಒಂದೇ ಮೇಜು, ಒಂದೇ ಭೂತಗನ್ನಡಿ. ಬೇಕಾದರೆ ನನ್ನ ಕಡೆಗೆ ತಳ್ಳುತ್ತಿದ್ದ, ಕೈಗೆ ಕೊಡುತ್ತಿರಲಿಲ್ಲ. ಅವನ ನೊಣ ಅಚ್ಚಾದ ಪುಸ್ತಕ ಬಂದಾಗ ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಅವನು ತಲೆಯೆತ್ತಲಿಲ್ಲ.

ಮಳೆಗಾಲ ಮುಗಿದು ಗದ್ದೆಗಳಲ್ಲಿ ಮಿಡತೆ ಏಳುವ ಹೊತ್ತಿಗೆ ಒಂದು ಬೆಳಿಗ್ಗೆ ಬಲೆ ಹೆಗಲ ಮೇಲಿಟ್ಟುಕೊಂಡು ನನ್ನ ಮನೆಯ ಮುಂದೆ ನಿಂತಿದ್ದ. ಇನ್ನೂ ಸ್ವಲ್ಪ ಕುಂಟುತ್ತಿದ್ದ.

"ಬೆಳಕವಾಡಿಗೆ ಬಸ್ಸು ಎಸ್ಟೊತ್ಗೆ?"

ಬೆಳಕವಾಡಿ

ಶಿವನಸಮುದ್ರದ ರಸ್ತೆಯ ಬದುವಿನಲ್ಲಿ ಆ ಜಾಗ ತೋರಿಸಿದೆ. ಅಷ್ಟು ಹೊತ್ತಿಗೆ ನಾನು ಆ ಬದುವಿನಲ್ಲಿ ಕಳೆದ ಭಾನುವಾರಗಳನ್ನು ಎಣಿಸುವುದನ್ನೇ ಬಿಟ್ಟಿದ್ದೆ. ಪುಟ್ಟಸ್ವಾಮಿ ಕಲ್ಲಿನ ಮೇಲೆ ಕೂತ, ಬೀಡಿ ಹಚ್ಚಿದ. ಒಂದು ಮಿಡತೆ ಚಟ್ಟನೆ ಹಾರಿತು. ಅದರ ಹಿಂದೆ ಬೂದು ಬಣ್ಣದ ಒಂದು ಚುಕ್ಕಿ. ಕೂತಲ್ಲಿಂದಲೇ ಬಲೆ ಬೀಸಿದ. ಬೀಡಿ ಇನ್ನೂ ಅರ್ಧ ಉರಿದಿರಲಿಲ್ಲ.

ಗಂಡು. ತುದಿ ಎಳೆದು ಭೂತಗನ್ನಡಿಯಲ್ಲಿ ನೋಡಿದ, ನನಗೆ ಕೊಟ್ಟ. ಕೊಕ್ಕೆಗಳಿಗೆ ಕವಲಿರಲಿಲ್ಲ. ಮದ್ದೂರಿನದಲ್ಲ, ಬೇರೆಯೇ ನೊಣ. ಅಂದು ನಾನು ಸುಮ್ಮನಿದ್ದಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ನೊಣಗಳಿಗೆ ಮದುವೆ ಮಾಡಿಸಿದ ಪುರೋಹಿತ ನಾನಾಗುತ್ತಿದ್ದೆ.

ಪುಟ್ಟಸ್ವಾಮಿ ಖಾಲಿ ಚೀಟಿಯನ್ನೂ ಪೆನ್ಸಿಲ್ಲನ್ನೂ ನನ್ನ ಕಡೆ ಚಾಚಿದ. ತಳ್ಳಲಿಲ್ಲ, ಕೈಗೇ ಕೊಟ್ಟ.

"ನೀನೇ ಇಡ್ದೆ ಅಂತ ಬರ್ಕೋ. ಒಂದು ಸುಳ್ಳು ನೀನ್ ಯೋಳ್ದೆ, ಒಂದು ನಾನ್ ಯೋಳ್ತೀನಿ. ಅಲ್ಲಿಗಲ್ಲಿಗೆ ಸರಿಯೋಯ್ತು. ನಿನ್ ಎಸ್ರು ಬರ್ಲಿ ಬುಡ್ಲಾ."

ಕೊಲಂಬೊದ ಗೋಡೆಯ ಮೇಲೆ ತಲೆಯಿಲ್ಲದೆ ನಿಂತಿದ್ದ ಸೂಜಿ ಕಣ್ಣಿಗೆ ಕಟ್ಟಿತು. ಅವನಾಗಿ ಕೊಡುತ್ತಿದ್ದಾನೆ, ನೋಡುವವರು ಯಾರೂ ಇಲ್ಲ. ಪೆನ್ಸಿಲ್ಲಿನ ಮೊನೆಯನ್ನು ನಾಲಗೆಗೆ ಮುಟ್ಟಿಸಿಕೊಂಡು, ಚೀಟಿಯನ್ನು ತೊಡೆಯ ಮೇಲಿಟ್ಟು ದಿನ ಹಾಕಿ ಬರೆದೆ: ಬೆಳಕವಾಡಿ. ಹಿಡಿದವನು ಪುಟ್ಟಸ್ವಾಮಿ. ಕೊನೆಯಲ್ಲಿ ಕೂದಲೆಳೆಯಷ್ಟು ಜಾಗ ಉಳಿದಿತ್ತು. ಅಲ್ಲಿ ಬರೆದೆ: ಜಾಗ ತೋರಿಸಿದವನು ಲಿಂಗಪ್ಪ.

ಬರೆಯುವಾಗ ಹೊಟ್ಟೆ ಉರಿಯಿತು. ಆದರೆ ಈ ಸಲ ಬರೆದದ್ದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.